ಟೊಬೇಗೋದಲ್ಲಿ ಒಂದು ವಾರ, ಅಪ್ಪ-ಅಮ್ಮನ ಜೊತೆ: ಹೋಗಿ ಬಂದವರು ಹೇಳಿ

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯಲ್ಲಿ. ಶಿರಸಿಯಿಂದ ಅಪ್ಪ-ಅಮ್ಮ ಬಂದಿದ್ದಾರೆ. ಈಸ್ಟರ್ ಹೊತ್ತಿಗೆ ಒಂದು ವಾರ ಟೊಬೇಗೋಗೆ ಹೋಗುವ ಯೋಚನೆ. ಟ್ರಿನಿಡಾಡ್ ಪಕ್ಕದ ಪುಟ್ಟ ದ್ವೀಪ, ಸುಮಾರು 300 ಚದರ ಕಿಲೋಮೀಟರ್ ಅಷ್ಟೇ. ಅಮ್ಮ ಸಸ್ಯಾಹಾರಿ. ಅಪ್ಪನಿಗೆ ಕಡಲಿಗಿಂತ ಕಾಡು ಇಷ್ಟ. ವಿಮಾನ ನಿಲ್ದಾಣದ ಹತ್ತಿರ ಕ್ರೌನ್ ಪಾಯಿಂಟ್‌ನಲ್ಲೇ ಏಳೂ ದಿನ ಉಳಿದರೆ ಸಾಕಾ?

ಉತ್ತರ: ಸಾಲದು. ನಾವು ಅದೇ ತಪ್ಪು ಮಾಡಿದೆವು. ಕ್ರೌನ್ ಪಾಯಿಂಟ್ ಅನುಕೂಲ, ಸುಳ್ಳಲ್ಲ. ಸ್ಟೋರ್ ಬೇ ಬೀಚಿಗೆ ನಡೆದೇ ಹೋಗಬಹುದು. ಹುಲ್ಲು ಹೊದಿಸಿದ ಮರದ ಜೆಟ್ಟಿಯ ಫೋಟೋ ಎಲ್ಲ ಕಡೆ ನೋಡಿರುತ್ತೀರಲ್ಲ, ಆ ಪಿಜನ್ ಪಾಯಿಂಟ್ ಕೂಡ ಪಕ್ಕದಲ್ಲೇ. ಆದರೆ ಮೂರನೇ ದಿನಕ್ಕೆ ಎಲ್ಲ ಮುಗಿದ ಹಾಗೆ ಅನಿಸಿತು. ನಾಲ್ಕನೇ ದಿನ ಉತ್ತರ ಕರಾವಳಿಯ ಕಸ್ತಾರಾಗೆ ಹೋದಾಗ, ಅಯ್ಯೋ ಮೊದಲೇ ಬರಬೇಕಿತ್ತು ಅನಿಸಿತು. ಅದು ಇನ್ನೂ ಮೀನುಗಾರರ ಹಳ್ಳಿ. ದಡದಲ್ಲಿ ನಿಂತು ಎಲ್ಲರೂ ಸೇರಿ ಬಲೆ ಎಳೆಯುತ್ತಾರೆ, ನೀವೂ ಕೈ ಹಾಕಿದರೆ ಖುಷಿಪಡುತ್ತಾರೆ. ಮಣ್ಣಿನ ಒಲೆಯಲ್ಲಿ ಬ್ರೆಡ್ ಸುಡುವ ಹೆಂಗಸರಿದ್ದಾರೆ. ಬಿಸಿ ಬಿಸಿ ಸಿಕ್ಕಿದರೆ ಬಿಡಬೇಡಿ. ಅಲ್ಲಿಂದ ಮುಂದೆ ಇಂಗ್ಲಿಷ್‌ಮನ್ಸ್ ಬೇ, ಕಾಡು ನೇರ ಮರಳಿಗೆ ಇಳಿದು ಬಂದ ಹಾಗಿದೆ.

ಉತ್ತರ: ನನ್ನ ಅಭಿಪ್ರಾಯ ಬೇರೆ. ಉತ್ತರದ ರಸ್ತೆ ಆಗುಂಬೆ ಘಾಟಿಯ ತಮ್ಮ ಇದ್ದ ಹಾಗೆ. ನಮ್ಮ ಅತ್ತೆಗೆ ಎರಡು ಸಲ ವಾಂತಿಯಾಯಿತು. ವಾಹನ ಓಡುವುದು ಎಡಗಡೆ, ಅಮೆರಿಕದ ಅಭ್ಯಾಸದಲ್ಲಿ ನಾನೇ ಒಂದು ತಿರುವಿನಲ್ಲಿ ಬಲಕ್ಕೆ ಹೊರಳಿ ಬೈಸಿಕೊಂಡೆ. ವಯಸ್ಸಾದವರಿದ್ದರೆ ಕ್ರೌನ್ ಪಾಯಿಂಟ್‌ನಲ್ಲೇ ಇದ್ದು, ಒಂದು ದಿನ ಡ್ರೈವರ್ ಇಟ್ಟುಕೊಂಡು ಸುತ್ತಿ ಬನ್ನಿ. ಗಾಜಿನ ತಳದ ದೋಣಿಯಲ್ಲಿ ಬುಕ್ಕೂ ರೀಫ್ ಎಂಬ ಹವಳದ ದಿಬ್ಬ, ನೈಲಾನ್ ಪೂಲ್ ನೋಡಿ. ಪೂಲ್ ಅಂದರೆ ಕಡಲ ಮಧ್ಯೆ ಸೊಂಟದ ಮಟ್ಟದ ನೀರು, ಕೆಳಗೆ ಬಿಳಿ ಮರಳು. ಅದರಲ್ಲಿ ಮುಳುಗಿದರೆ ವಯಸ್ಸು ಕಡಿಮೆಯಾಗುತ್ತದಂತೆ. ಅತ್ತೆ ಮೂರು ಸಲ ಮುಳುಗಿದರು. ಒಂದು ಮಾತು: ಹವಳದ ಮೇಲೆ ನಡೆಯಬೇಡಿ, ಯಾರು ಕರೆದರೂ. ಮೊದಲೇ ಅದು ಸಾಕಷ್ಟು ಹಾಳಾಗಿದೆ.

ಉತ್ತರ: ಅಪ್ಪ ಶಿರಸಿಯವರು ಅಂದಿರಿ, ಹಾಗಾದರೆ ಮೇನ್ ರಿಜ್ ಕಾಡು ತಪ್ಪಿಸಲೇಬೇಡಿ. ದ್ವೀಪದ ಬೆನ್ನುಮೂಳೆ ಅದು. 1776ರಲ್ಲೇ ಕಾನೂನು ಮಾಡಿ ಕಾಪಾಡಿದ್ದಾರೆ. ಯಾಕೆ ಗೊತ್ತಾ? ಮರ ಕಡಿದರೆ ಮಳೆ ನಿಲ್ಲುತ್ತದೆ, ಮಳೆ ನಿಂತರೆ ಕಬ್ಬಿನ ತೋಟಗಳು ಒಣಗುತ್ತವೆ ಎಂಬ ಭಯ. ಸೋಮ್ ಜೆನಿನ್ಸ್ ಎಂಬ ಬ್ರಿಟಿಷ್ ಸಂಸದ ಇದಕ್ಕಾಗಿ ವರ್ಷಗಟ್ಟಲೆ ಪಟ್ಟು ಹಿಡಿದಿದ್ದ. ಆ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ತಂದ ಗುಲಾಮರು, ಅದನ್ನೂ ಮರೆಯಬಾರದು. ಆದರೂ 1983ರ ಅಪ್ಪಿಕೋ ಚಳವಳಿಯಲ್ಲಿ, ಶಿರಸಿ ಹತ್ತಿರದ ಸಲ್ಕಣಿಯಲ್ಲಿ ಕಾಡು ಉಳಿಸಲು ಮರ ಅಪ್ಪಿಕೊಂಡು ನಿಂತವರ ಊರಿನವರಿಗೆ ಈ ಕಾಡು ಬೇರೆಯದೇ ಥರ ಕಾಣುತ್ತದೆ ಅಂತ ನನ್ನ ಅನಿಸಿಕೆ.

ಗಿಲ್ಪಿನ್ ಟ್ರೇಸ್ ಎಂಬ ಕಾಲುದಾರಿ ಹಿಡಿಯಿರಿ. ವಿಪರೀತ ಕೆಸರು, ರಸ್ತೆ ಬದಿಯಲ್ಲೇ ಗಂಬೂಟು ಬಾಡಿಗೆಗೆ ಕೊಡುತ್ತಾರೆ. ಗೈಡ್ ಬೇಕೇ ಬೇಕು, ನಮ್ಮ ಕಣ್ಣಿಗೆ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ನಮ್ಮ ಗೈಡ್ ಬಿಳಿ ಬಾಲದ ಸೇಬರ್‌ವಿಂಗ್ ಹಕ್ಕಿ ತೋರಿಸಿದರು. 1963ರ ಫ್ಲೋರಾ ಚಂಡಮಾರುತ ಈ ಕಾಡನ್ನು ನೆಲಸಮ ಮಾಡಿದಾಗ ಆ ಹಮ್ಮಿಂಗ್‌ಬರ್ಡ್ ಕಥೆ ಮುಗಿಯಿತು ಅಂದುಕೊಂಡಿದ್ದರಂತೆ. ಎಪ್ಪತ್ತರ ದಶಕದಲ್ಲಿ ಮತ್ತೆ ಕಂಡಿತು. ನಮಗೆ ಕಂಡಿದ್ದು ಎರಡೇ ಸೆಕೆಂಡು.

ಉತ್ತರ: ಮಿಲಿಟರಿ ಚಿತ್ತಾರದ ಬಟ್ಟೆ, ಟೋಪಿ, ಬ್ಯಾಗು ಏನೂ ಒಯ್ಯಬೇಡಿ. ಅಲ್ಲಿ ಅದು ಕಾನೂನಿಗೆ ವಿರುದ್ಧ. ಇನ್ನೊಂದು, ಬೀಚಿನಲ್ಲಿ ಪುಟ್ಟ ಹಸಿರು ಸೇಬಿನಂಥ ಕಾಯಿ ಬಿದ್ದಿದ್ದರೆ ಮುಟ್ಟಬೇಡಿ. ಮ್ಯಾಂಚಿನೀಲ್ ಮರ, ಪೂರ್ತಿ ವಿಷ. ಮಳೆ ಬಂದಾಗ ಅದರ ಕೆಳಗೆ ನಿಂತರೂ ಮೈ ಬೊಕ್ಕೆ ಏಳುತ್ತದೆ.

ಉತ್ತರ: ಅಮ್ಮನ ಊಟದ ಚಿಂತೆ ಬಿಡಿ. 1845ರಿಂದ ಟ್ರಿನಿಡಾಡಿಗೆ ಕೂಲಿಗಳಾಗಿ ಬಂದ ಭಾರತೀಯರ ಅಡುಗೆ ಇಲ್ಲಿಗೂ ದಾಟಿದೆ. ಬೆಳಿಗ್ಗೆ ಡಬಲ್ಸ್ ತಿನ್ನಿ: ಎರಡು ಮೆತ್ತನೆ ಬರಾ (ಎಣ್ಣೆಯಲ್ಲಿ ಕರಿದ ರೊಟ್ಟಿ), ನಡುವೆ ಕಡಲೆ ಪಲ್ಯ. ಮಧ್ಯಾಹ್ನ ಕಡಲೆ-ಆಲೂಗಡ್ಡೆ ರೋಟಿ. ಜೀಗುಜ್ಜೆ, ಕೆಸುವಿನ ಗೆಡ್ಡೆ, ಮರಗೆಣಸು ಎಲ್ಲ ಅವರ ದಿನನಿತ್ಯದ ಊಟ. ಕೆಸುವಿನ ಎಲೆ, ತೆಂಗಿನ ಹಾಲು ಹಾಕಿ ಮಾಡುವ ಕಲಲೂ ಘಮಘಮ ಅನ್ನುತ್ತದೆ, ಆದರೆ ಏಡಿ ಹಾಕಿದ್ದಾರಾ ಅಂತ ಕೇಳಿಯೇ ಬಡಿಸಿಕೊಳ್ಳಿ. ಬೆನೆ ಬಾಲ್ ಎಂಬ ಮಿಠಾಯಿ ಸಿಕ್ಕಿದರೆ ಅಮ್ಮನಿಗೆ ಕೊಟ್ಟು ಸುಮ್ನೆ ಮುಖ ನೋಡಿ. ಅದು ನಮ್ಮ ಎಳ್ಳುಂಡೆಯೇ, ಸ್ವಲ್ಪ ಗಟ್ಟಿ. ಹಲ್ಲು ಜೋಪಾನ.

ಉತ್ತರ: ನಾನು ಮೂಡುಬಿದಿರೆಯವನು. ಈಸ್ಟರ್ ಅಂದಿರಲ್ಲ, ಈಸ್ಟರ್ ಆದ ಮಂಗಳವಾರ ಬುಕ್ಕೂ ಹಳ್ಳಿಯಲ್ಲಿ ಆಡಿನ ಓಟ ಇರುತ್ತದೆ. 1925ರಿಂದ ನಡೆದು ಬಂದಿದೆ. ಆಡಿನ ಮೇಲೆ ಕೂರುವುದಲ್ಲ ಮತ್ತೆ! ಹಗ್ಗ ಹಿಡಿದು ಜಾಕಿಯೂ ಬರಿಗಾಲಲ್ಲಿ ಜೊತೆಗೇ ಓಡಬೇಕು. ಕೋಣ ಹೋಗಿ ಆಡು, ಕೆಸರು ಹೋಗಿ ಒಣ ನೆಲ, ಉಳಿದಂತೆ ಗದ್ದಲ ಎಲ್ಲ ನಮ್ಮ ಕಂಬಳದ್ದೇ. ಸಂಜೆ ಸ್ಟೀಲ್‌ಪ್ಯಾನ್ ಬಾರಿಸುವವರು ಸಿಕ್ಕಿದರೆ ನಿಂತು ಕೇಳಿ. ಎಣ್ಣೆ ಡ್ರಮ್ಮಿನಿಂದ ಹುಟ್ಟಿದ ವಾದ್ಯ ಅಂದರೆ ನಂಬಿಕೆ ಬರುವುದಿಲ್ಲ.

ಮತ್ತೆ, ಮಾರ್ಚ್‌ನಿಂದ ಆಗಸ್ಟ್‌ವರೆಗೆ ಟರ್ಟಲ್ ಬೀಚಿಗೆ ರಾತ್ರಿ ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಊರಿನ ಕಾವಲು ತಂಡದ ಜೊತೆಯೇ ಹೋಗಿ. ಟಾರ್ಚ್, ಫ್ಲ್ಯಾಶ್ ಬೇಡ. ನಾವು ಎರಡು ರಾತ್ರಿ ಕಾದೆವು. ಮೊದಲ ರಾತ್ರಿ ಸೊಳ್ಳೆ ಮಾತ್ರ ಬಂದವು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕ್ರೌನ್ ಪಾಯಿಂಟ್ ಮೂರು ರಾತ್ರಿ, ಕಸ್ತಾರಾ ನಾಲ್ಕು. ಉತ್ತರದ ರಸ್ತೆಗೆ ಡ್ರೈವರ್, ಜೊತೆಗೆ ನಿಂಬೆಹಣ್ಣು. ಅಪ್ಪ ಆಗಲೇ ಗಂಬೂಟಿನ ಸೈಜು ಕೇಳುತ್ತಿದ್ದಾರೆ. ಅಮ್ಮನದು ಒಂದೇ ಪ್ರಶ್ನೆ, ಊಟಕ್ಕೆ ಖಾರ ಇರುತ್ತದಾ?

ಉತ್ತರ: ಡಬಲ್ಸ್ ಗಾಡಿಯವರು ಪೆಪ್ಪರ್, ಅಂದರೆ ಮೆಣಸಿನಕಾಯಿ ಸಾಸ್, ಎಷ್ಟು ಅಂತ ಕೇಳುತ್ತಾರೆ. ‘ಸ್ಲೈಟ್’ (ಸ್ವಲ್ಪವೇ) ಅನ್ನಲು ಹೇಳಿಕೊಡಿ. ನಾನು ಬ್ಯಾಡಗಿ ಕಡೆಯವಳು ಅಂತ ಜಂಬದಿಂದ ಜಾಸ್ತಿ ಹಾಕಿಸಿಕೊಂಡು, ಎರಡು ಎಳನೀರು ಕುಡಿದೆ.