ಬಿ.ಕಾಂ. ಆಯ್ತು, ಮುಂದೆ ಪುಣೆಯ ಪಿಜಿಡಿಎಮ್ಮೋ, ಠಾಣೆಯ ಹೋಟೆಲ್ಲೋ?

ಡೊಂಬಿವಲಿ ಅಪ್ಪ: ಮಗ ಈ ವರ್ಷ ಬಿ.ಕಾಂ. ಮುಗಿಸಿದ. ಎಂಬಿಎ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ 84 ಪರ್ಸೆಂಟೈಲ್ ಬಂತು. ಮುಂಬೈಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳಾದ ಜಮ್ನಾಲಾಲ್ ಬಜಾಜ್, ಸಿಡೆನ್‌ಹ್ಯಾಮ್ ಎರಡೂ ಕೈಗೆಟುಕಲಿಲ್ಲ. ಪುಣೆಯ ಒಂದು ಖಾಸಗಿ ಸಂಸ್ಥೆಯಲ್ಲಿ ಪಿಜಿಡಿಎಂ (ಮ್ಯಾನೇಜ್‌ಮೆಂಟ್‌ನ ಸ್ನಾತಕೋತ್ತರ ಡಿಪ್ಲೊಮಾ) ಸೀಟು ಸಿಕ್ಕಿದೆ. ಫೀಸು, ಹಾಸ್ಟೆಲ್ ಸೇರಿ ಎರಡು ವರ್ಷಕ್ಕೆ 12 ಲಕ್ಷ. ಸಾಲ ಮಾಡಲೇಬೇಕು. ನನ್ನ ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಠಾಣೆಯಲ್ಲಿ ಹೋಟೆಲ್ ಇದೆ. 'ಹುಡುಗನನ್ನು ನನ್ನ ಹತ್ತಿರ ಬಿಡಿ, ಮ್ಯಾನೇಜ್‌ಮೆಂಟ್ ನಾನೇ ಕಲಿಸುತ್ತೇನೆ' ಎನ್ನುತ್ತಾರೆ. ಮಗನಿಗೆ ಪುಣೆಗೆ ಹೋಗುವ ಆಸೆ. ಶನಿವಾರದೊಳಗೆ 50 ಸಾವಿರ ಕಟ್ಟಬೇಕು. ತಿಳಿದವರು ಹೇಳಿ.

ಗಲ್ಲಾಪೆಟ್ಟಿಗೆ: ಭಾವ ಹೇಳಿದ್ದು ಸರಿ. ನಾನು ಕುಂದಾಪುರದಿಂದ ಬಂದಾಗ 14 ವರ್ಷ. ಹಗಲು ಟೇಬಲ್ ಒರೆಸಿ, ರಾತ್ರಿ ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವನು. ಇವತ್ತು ನನ್ನದೇ ಎರಡು ಹೋಟೆಲ್ ಇವೆ. ರಾತ್ರಿ ಮುಚ್ಚುವ ಮುಂಚೆ ಸಾಂಬಾರಿನ ಪಾತ್ರೆ ಬಗ್ಗಿಸಿ ನೋಡುತ್ತೇನೆ. ನಾಲ್ಕು ಬೆರಳು ಉಳಿದಿದ್ದರೆ ನಾಳೆ ಬೇಳೆ ಎಷ್ಟು ಕಡಿಮೆ ಹಾಕಬೇಕು ಅಂತ ಗೊತ್ತಾಗುತ್ತದೆ. ಊರಲ್ಲಿ ದೈವದ ಕೋಲ ಅಂತ ಹುಡುಗರು ನಾಲ್ಕು ಜನ ಒಟ್ಟಿಗೆ ರಜೆ ಕೇಳಿದರೆ ಯಾರನ್ನು ಕಳಿಸಬೇಕು, ಯಾರನ್ನು ನಿಲ್ಲಿಸಬೇಕು? ಅದನ್ನು ಯಾವ ಕ್ಲಾಸಿನಲ್ಲಿ ಕಲಿಸುತ್ತಾರೆ? ಪಿಜಿಡಿಎಂ ಅಂದರೆ ಡಿಗ್ರಿಯೂ ಅಲ್ಲ, ಡಿಪ್ಲೊಮಾ. ಡಿಪ್ಲೊಮಾಗೆ 12 ಲಕ್ಷ ಸುರಿಯುತ್ತೀರಾ ಮಾರಾಯ್ರೇ?

ಹಿಂಜವಡಿ ಹುಡುಗ: 'ಡಿಪ್ಲೊಮಾ' ಅಂತ ಇಷ್ಟು ಹಗುರವಾಗಿ ಹೇಳಬೇಡಿ. ಅಹಮದಾಬಾದ್ ಐಐಎಂ ಶುರುವಾದದ್ದು 1961ರಲ್ಲಿ. ಡಿಗ್ರಿ ಕೊಡಲು ಬಿಟ್ಟ 2017ರ ಐಐಎಂ ಕಾಯ್ದೆ ಬರುವವರೆಗೂ ಅಲ್ಲಿಯವರ ಕೈಗೆ ಸಿಗುತ್ತಿದ್ದದ್ದು ಡಿಪ್ಲೊಮಾನೇ. ನಿಮ್ಮ ಅಂಧೇರಿಯ ಎಸ್.ಪಿ. ಜೈನ್ ಕೊಡುವುದೂ ಪಿಜಿಡಿಎಂ. ಜಮ್ನಾಲಾಲ್ ಬಜಾಜ್ ಎಷ್ಟೋ ವರ್ಷ ಕೊಟ್ಟದ್ದು ಎಂ.ಎಂ.ಎಸ್. (ಮಾಸ್ಟರ್ ಆಫ್ ಮ್ಯಾನೇಜ್‌ಮೆಂಟ್ ಸ್ಟಡೀಸ್), ಅದಕ್ಕೂ ಎಂಬಿಎ ಅನ್ನುವ ಹೆಸರಿರಲಿಲ್ಲ. ಹಾಗಾದರೆ ಅವರೆಲ್ಲ ಮ್ಯಾನೇಜರ್ ಆಗಲಿಲ್ವಾ?

ಮಾಟುಂಗಾ ಮೇಷ್ಟ್ರು: ಎಂ.ಎಂ.ಎಸ್. ಮುಂಬೈ ವಿಶ್ವವಿದ್ಯಾಲಯದ ಡಿಗ್ರಿ. ಅದನ್ನು ಇದರ ಜೊತೆ ಸೇರಿಸಬೇಡಿ. ಎಂಬಿಎ ಎಂಬ ಹೆಸರು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಸ್ವಾಯತ್ತ ಸಂಸ್ಥೆ ಅದನ್ನು ಕೊಡುವ ಹಾಗಿಲ್ಲ, ಅದಕ್ಕೇ ಪಿಜಿಡಿಎಂ ಎನ್ನುತ್ತದೆ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಒಪ್ಪಿಗೆ ಇದೆಯಾ, ಎಐಯು (ವಿಶ್ವವಿದ್ಯಾಲಯಗಳ ಒಕ್ಕೂಟ) ಅದನ್ನು ಎಂಬಿಎಗೆ ಸಮಾನ ಎಂದಿದೆಯಾ, ಮೊದಲು ನೋಡಿ. ಇಲ್ಲದಿದ್ದರೆ ನಾಳೆ ಪಿಎಚ್‌ಡಿಗೆ ಹೋದಾಗ ಬಾಗಿಲಲ್ಲೇ ತಡೆಯುತ್ತಾರೆ.

ಹಿಂಜವಡಿ ಹುಡುಗ: ಪಿಎಚ್‌ಡಿ ಮಾತು ಯಾರು ತೆಗೆದರು ಮೇಷ್ಟ್ರೇ? ಹುಡುಗನಿಗೆ ಬೇಕಾದದ್ದು ಕೆಲಸ.

ಮಾಟುಂಗಾ ಮೇಷ್ಟ್ರು: 'ಕೆಲಸ' ಅಂದಿರಿ. ಸರ್ಕಾರಿ ಕೆಲಸವೂ ಕೆಲಸವೇ ಅಲ್ವಾ? ಎಷ್ಟೋ ಜಾಹೀರಾತಿನಲ್ಲಿ 'ಎಂಬಿಎ ಅಥವಾ ತತ್ಸಮಾನ' ಅಂತ ಇರುತ್ತದೆ. ಆ ತತ್ಸಮಾನದ ಕಾಗದ ತೋರಿಸುವವರು ಯಾರು?

ಅಂಧೇರಿ ಅಕ್ಕ: ನಾನು 11 ವರ್ಷದಿಂದ ಕಂಪನಿಗೆ ಜನರನ್ನು ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ. ಎಂಬಿಎನಾ ಪಿಜಿಡಿಎಮ್ಮಾ ಅಂತ ಒಬ್ಬರನ್ನೂ ಕೇಳಿಲ್ಲ. ಯಾವ ಸಂಸ್ಥೆ, ಬೇಸಿಗೆಯ ಎರಡು ತಿಂಗಳ ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಿದೆ, ಇವೆರಡೇ ಕೇಳುವುದು.

ಡೊಂಬಿವಲಿಯವರೇ, ನೀವು ಲೆಕ್ಕ ಮಾಡಿ. 12 ಲಕ್ಷಕ್ಕೆ ಶೇ. 10 ಬಡ್ಡಿ, 10 ವರ್ಷ ಅಂದರೆ ತಿಂಗಳಿಗೆ ಸುಮಾರು 16 ಸಾವಿರ ಕಂತು. ಸಾಮಾನ್ಯವಾಗಿ 7.5 ಲಕ್ಷ ದಾಟಿದರೆ ಸರ್ಕಾರಿ ಬ್ಯಾಂಕಿನವರು ಮನೆಪತ್ರ ಕೇಳುತ್ತಾರೆ. ಸಂಸ್ಥೆಯವರು ತೋರಿಸುವ ಅತಿ ದೊಡ್ಡ ಸಂಬಳ ನೋಡಬೇಡಿ. 'ಸರಾಸರಿ'ಯೂ ಬೇಡ, ಇಬ್ಬರಿಗೆ ಭಾರಿ ಸಂಬಳ ಸಿಕ್ಕರೆ ಅದು ಮೇಲೇರುತ್ತದೆ. ಸಂಬಳಗಳನ್ನು ಸಾಲಾಗಿ ಬರೆದರೆ ನಟ್ಟನಡುವೆ ಬರುವುದು ಎಷ್ಟು, ಬ್ಯಾಚಿನಲ್ಲಿ ಒಟ್ಟು ಎಷ್ಟು ಮಕ್ಕಳು, ಕೆಲಸ ಸಿಕ್ಕಿದ್ದು ಎಷ್ಟು ಮಂದಿಗೆ, ಇದನ್ನು ಬರವಣಿಗೆಯಲ್ಲಿ ಕೇಳಿ. ಹಾಗೇ ಭಾವನವರು ಸಂಬಳ ಎಷ್ಟು ಕೊಡುತ್ತಾರೆ ಅಂತಲೂ ಕೇಳಿ.

ಗಲ್ಲಾಪೆಟ್ಟಿಗೆ: 'ಸಂಬಳ ಕೇಳಿ' ಅಂತೀರಲ್ಲ ಅಕ್ಕಾ, ಸೋದರಮಾವನ ಹತ್ತಿರ ಸಂಬಳ ಕೇಳುವುದಾ? ನಾಳೆ ಆ ಗಲ್ಲೆಯ ಮೇಲೆ ಇವನೇ ಕೂರಬಹುದು. ಕಂಪನಿಯವರ ಲೆಕ್ಕವನ್ನು ಮನೆಯೊಳಗೆ ತರಬೇಡಿ. ನಮ್ಮವರು ಈ ಊರಲ್ಲಿ ಹೋಟೆಲ್ ಕಟ್ಟಿದ್ದು ಒಬ್ಬರನ್ನೊಬ್ಬರು ನಂಬಿ.

ಅಂಧೇರಿ ಅಕ್ಕ: 'ಕೂರಬಹುದು' ಅಂದಿರಿ. ಅದೇ ನನ್ನ ಭಯ. ನಮ್ಮ ಅಪ್ಪ ಅವರ ಚಿಕ್ಕಪ್ಪನ ಹೋಟೆಲ್‌ನಲ್ಲಿ 19 ವರ್ಷ ಗಲ್ಲೆಯಲ್ಲಿ ಕೂತರು. ಬೆಳಿಗ್ಗೆ ಐದಕ್ಕೆ ಹಾಲಿನವನು ಬರುವ ಮುಂಚೆ ಶಟರ್ ಎತ್ತುತ್ತಿದ್ದದ್ದು ಅವರೇ. ತಿಂಗಳಿಗೆ ಇಷ್ಟು ಅಂತ ಮಾತೇ ಆಗಿರಲಿಲ್ಲ. ಬೇಕಾದಾಗ ತಗೋ ಅಂದಿದ್ದರು. ಹೋಟೆಲ್ ಮಾರಿದ ದಿನ ಕೈಗೆ ಬಂದದ್ದು ಒಂದು ಶಾಲು, ಒಂದು ಗಡಿಯಾರ. ಪಿಎಫ್ ಇಲ್ಲ, ಒಂದು ಕಾಗದ ಇಲ್ಲ. ನಂಬಿಕೆ ಬೇಡ ಅನ್ನುತ್ತಿಲ್ಲ, ಬರೆದಿಡಿ ಅನ್ನುತ್ತಿದ್ದೇನೆ.

ಗಲ್ಲಾಪೆಟ್ಟಿಗೆ: ಒಬ್ಬರು ಹಾಗೆ ಮಾಡಿದರು ಅಂತ ಎಲ್ಲರ ಮೇಲೂ ಹೇರಬೇಡಿ. ನನ್ನ ಅಳಿಯನಿಗೆ ನಾನು ಪಾಲು ಬರೆದುಕೊಟ್ಟಿದ್ದೇನೆ.

ಹಿಂಜವಡಿ ಹುಡುಗ: ಬರೆದುಕೊಟ್ಟಿದ್ದೀರಿ! ಹಾಗಾದರೆ ಅಕ್ಕ ಹೇಳಿದ್ದನ್ನು ನೀವೇ ಮಾಡಿದ್ದೀರಿ. ಮತ್ತೆ ಜಗಳ ಯಾಕೆ? ಮೇಷ್ಟ್ರೇ, ನಿಮಗೊಂದು ಪ್ರಶ್ನೆ. ಪವಾಯಿಯ ನಿಟಿ 2023ರಲ್ಲಿ ಐಐಎಂ ಮುಂಬೈ ಆಯಿತು. ಅದಕ್ಕೆ ಮುಂಚೆ ಅಲ್ಲಿ ಡಿಪ್ಲೊಮಾ ಪಡೆದವರ ಓದು ಕಡಿಮೆಯದ್ದಾ?

ಮಾಟುಂಗಾ ಮೇಷ್ಟ್ರು: ನಿಟಿ ಕೇಂದ್ರ ಸರ್ಕಾರದ ಸಂಸ್ಥೆ! ಐಐಎಂ, ನಿಟಿ, ಎಸ್.ಪಿ. ಜೈನ್ ಅಂತ ದೊಡ್ಡ ದೊಡ್ಡ ಹೆಸರೇ ಎಳೆದು ತರುತ್ತೀರಿ. 84 ಪರ್ಸೆಂಟೈಲಿಗೆ ಸೀಟು ಕೊಡುವ ಸಂಸ್ಥೆ ಅವುಗಳ ಸಾಲಿಗೆ ಬರುತ್ತದಾ? ಬಡ ತಂದೆಯನ್ನು ದಾರಿ ತಪ್ಪಿಸುತ್ತಿದ್ದೀರಿ. 30 ವರ್ಷ ಕಾಮರ್ಸ್ ಕಲಿಸಿದ್ದೇನೆ ನಾನು. ಸಾಲ ತೀರಿಸಲಾಗದೆ ನನ್ನ ಮುಂದೆ ಕೂತು ಅತ್ತ ಹುಡುಗರನ್ನು ನೋಡಿದ್ದೇನೆ.

ಹಿಂಜವಡಿ ಹುಡುಗ: 84ಕ್ಕೆ ಸಿಕ್ಕಿದ್ದೆಲ್ಲ ಕೆಟ್ಟದ್ದು ಅಂತ ಹೇಗೆ ಹೇಳುತ್ತೀರಿ? ನನಗೆ ಬಂದದ್ದು 81. ಪಿಜಿಡಿಎಂ ಮಾಡಿದೆ. ಮೊದಲ ವರ್ಷ ಪಿಂಪ್ರಿಯ ಒಂದು ಗೋದಾಮಿನಲ್ಲಿ ಲಾರಿ ಎಷ್ಟು ಹೊತ್ತು ಸುಮ್ನೆ ನಿಲ್ಲುತ್ತದೆ ಅಂತ ಕೈಗಡಿಯಾರ ಹಿಡಿದು ಬರೆದುಕೊಂಡೆ. ಆ ವಹಿ ತೋರಿಸಿಯೇ ನನಗೆ ಕೆಲಸ ಸಿಕ್ಕಿದ್ದು. ಈಗ ಸಾಲದಲ್ಲಿ ಉಳಿದಿರುವುದು ಎರಡು ವರ್ಷದ ಕಂತು.

ಮಾಟುಂಗಾ ಮೇಷ್ಟ್ರು: ಕಂತು ಅಂದಿರಲ್ಲ. ಅಕ್ಕ ಹೇಳಿದ 16 ಸಾವಿರವೂ ಪೂರ್ತಿ ಲೆಕ್ಕವಲ್ಲ. ಓದುವ ಎರಡು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ.

ಅಂಧೇರಿ ಅಕ್ಕ: ಅದು ನಿಜ, ಬಡ್ಡಿ ಸೇರಿಸಿರಲಿಲ್ಲ. ಆಗಾಗಲೇ ಬಡ್ಡಿಯನ್ನಾದರೂ ಕಟ್ಟುತ್ತಾ ಹೋದರೆ ಹೊರೆ ಕಡಿಮೆ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ 8 ವರ್ಷದವರೆಗೆ ಬಡ್ಡಿಗೆ ವಿನಾಯಿತಿಯೂ ಇದೆ.

ಡೊಂಬಿವಲಿ ಅಪ್ಪ: ಎಲ್ಲರಿಗೂ ನಮಸ್ಕಾರ. ಇವತ್ತು ಎರಡು ಫೋನ್ ಮಾಡಿದೆ. ಸಂಸ್ಥೆಯವರು ಸರಾಸರಿ ಸಂಬಳ ತಕ್ಷಣ ಹೇಳಿದರು. ನಡುವಿನ ಸಂಖ್ಯೆ ಕೇಳಿದ್ದಕ್ಕೆ 'ನಾಳೆ ಮೇಲ್ ಮಾಡುತ್ತೇವೆ' ಅಂದರು. ಭಾವನ ಹತ್ತಿರ ಸಂಬಳ, ಪಾಲು ಎರಡನ್ನೂ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ನನ್ನ ತಂಗಿಗೆ ಫೋನ್ ಕೊಡು' ಅಂದರು. ನನ್ನ ಹೆಂಡತಿ ಇನ್ನೂ ಒಳಗೆ ಅವರ ಜೊತೆ ಮಾತಾಡುತ್ತಿದ್ದಾಳೆ.

ಗಲ್ಲಾಪೆಟ್ಟಿಗೆ: ನೋಡಿದಿರಾ, ಅವರ ಮನಸ್ಸಿಗೆ ನೋವಾಯಿತು. ಭಾನುವಾರ ಮಗನನ್ನು ಕರೆದುಕೊಂಡು ನೀವೇ ಠಾಣೆಗೆ ಹೋಗಿ ಕೂತು ಮಾತಾಡಿ.

ಅಂಧೇರಿ ಅಕ್ಕ: ಫೀಸು ಕಟ್ಟಬೇಕಾದದ್ದು ಶನಿವಾರ.

ಮಾಟುಂಗಾ ಮೇಷ್ಟ್ರು: ಎಐಯು ಸಮಾನತೆ ಇದೆಯಾ ಅಂತ ಕೇಳಿದಿರಾ? ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.