ಪೇಪರ್ ಜುಮುಕಿ ಮಾಡಿದರೆ ಮನಸ್ಸು ಹಗುರ ಆಗುತ್ತಾ? ಮಾಡಿದವರು ಹೇಳಿ

ಕೇಳಿದವರು: ಅಮ್ಮ ಹೋದಮೇಲೆ ಸಂಜೆ ಹೊತ್ತು ಕಳೆಯುವುದೇ ಕಷ್ಟವಾಗಿದೆ. ಫೋನ್ ಹಿಡಿದರೆ ಇನ್ನೂ ಬೇಜಾರು. ಸುರುಳಿ ಸುತ್ತುವ ಕಾಗದದ ಪಟ್ಟಿ, ಅಂದರೆ ಕ್ವಿಲ್ಲಿಂಗ್ ಪೇಪರ್‌ನಲ್ಲಿ ಓಲೆ, ಜುಮುಕಿ ಮಾಡೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಶಿವಮೊಗ್ಗದಿಂದ: ದುಃಖ ಹೋಗುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಲ್ಲ. ಆದರೆ ಪಟ್ಟಿ ಸುತ್ತುವಾಗ ಬೆರಳು ಸ್ವಲ್ಪ ಸಡಿಲ ಬಿಟ್ಟರೂ ಸುರುಳಿ ಬಿಚ್ಚಿಕೊಳ್ಳುತ್ತದೆ, ಕಣ್ಣು ಕೈ ಎರಡೂ ಅಲ್ಲೇ ಇರಬೇಕು, ತಲೆಗೆ ಬೇರೆ ಕಡೆ ಓಡಲು ಪುರುಸೊತ್ತು ಸಿಗುವುದಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ದೊಡ್ಡ ಕಿಟ್ ಬೇಡ. 3 ಮಿ.ಮೀ. ಪಟ್ಟಿ ಎರಡು ಬಣ್ಣ, ತುದಿ ಸೀಳಿರುವ ಕ್ವಿಲ್ಲಿಂಗ್ ಸೂಜಿ, ಫೆವಿಕಾಲ್, ಕಿವಿ ಕೊಕ್ಕೆ. ಪಟ್ಟಿಗೆ ಪಟ್ಟಿ ಅಂಟಿಸುತ್ತಾ, ಒಂದು ರೂಪಾಯಿ ನಾಣ್ಯದಷ್ಟು ಅಗಲ ಬರುವವರೆಗೆ ಬಿಗಿಯಾಗಿ ಸುತ್ತಿ. ತುದಿ ಅಂಟಿಸಿ, ಒಣಗಿದ ಮೇಲೆ ಹೆಬ್ಬೆರಳಿನಿಂದ ನಡುವೆ ಮೆಲ್ಲಗೆ ಒತ್ತಿದರೆ ಬಟ್ಟಲಿನ ಆಕಾರ ಬರುತ್ತದೆ. ಈಗ ಒಳಗಡೆ ಫೆವಿಕಾಲ್ ತೆಳ್ಳಗೆ ಸವರಿ ರಾತ್ರಿಯಿಡೀ ಬಿಡಿ. ಇದನ್ನು ಮಾತ್ರ ಬಿಡಬೇಡಿ, ಇಲ್ಲಾಂದ್ರೆ ಹಾಕಿಕೊಂಡ ದಿನವೇ ಜುಮುಕಿ ಸ್ಪ್ರಿಂಗ್ ಥರ ಕೆಳಗೆ ಇಳಿಯುತ್ತದೆ.

ಪುತ್ತೂರಿನಿಂದ: ನಮ್ಮ ಕಡೆ ಮಳೆಗಾಲದಲ್ಲಿ ಪೇಪರ್ ಮೆತ್ತಗಾಗುತ್ತದೆ ಮಾರಾಯ್ರೆ. ವಾರ್ನಿಷ್ ಬೇಕೇ ಬೇಕು, ಒಂದೇ ಸಲ ದಪ್ಪಗೆ ಬೇಡ, ತೆಳ್ಳಗೆ ಎರಡು ಸಲ. ಮೊದಲು ತುಂಡು ಪಟ್ಟಿಗೆ ಹಚ್ಚಿ ನೋಡಿ, ಕೆಲವು ಗಾಢ ಬಣ್ಣ ಬಿಡುತ್ತವೆ. ಕಿಟಕಿ ತೆರೆದಿಡಿ, ವಾಸನೆಗೆ ತಲೆನೋವು ಬರುತ್ತದೆ.

ಮೈಸೂರಿನಿಂದ: ಪಟ್ಟಿ ಕೊಳ್ಳುವ ಮೊದಲು ಮನೆಯಲ್ಲಿರುವ ಹಳೇ ಕ್ಯಾಲೆಂಡರ್ ನೋಡಿ. ಹಾಳೆಯನ್ನು ಉದ್ದ ತ್ರಿಕೋನವಾಗಿ ಕತ್ತರಿಸಿ, ಅಗಲದ ಕಡೆಯಿಂದ ತೆಳು ಕಡ್ಡಿಗೆ ಸುತ್ತಿ ತುದಿಗೆ ಅಂಟು ಹಚ್ಚಿದರೆ ಮಣಿ ಆಯಿತು, ನಡುವೆ ಉಬ್ಬು, ಎರಡು ಕಡೆ ಸಪೂರ. ಹಾಕಿಕೊಂಡು ಹೋದರೆ ಎಲ್ಲರೂ "ಮಾರಬಹುದಲ್ವಾ?" ಅಂತಾರೆ. ಈಗಲೇ ಒಪ್ಪಬೇಡಿ. ಆರ್ಡರ್ ಬಂದರೆ ಡೇಟು, ರೇಟು, ಬಣ್ಣದ ತಕರಾರು, ಮತ್ತೆ ಅದೇ ಟೆನ್ಷನ್. ಇನ್ನೊಂದು ಮಾತು: ನಿದ್ದೆ, ಊಟ ಎರಡೂ ಕೆಟ್ಟಿದ್ದರೆ ಜುಮುಕಿ ಸಾಲದು. ಸರ್ಕಾರದ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕೇಳಿದವರು: ಊಟ ಪರವಾಗಿಲ್ಲ, ನಿದ್ದೆ ಅಷ್ಟಕ್ಕಷ್ಟೇ. ನಂಬರ್ ಇಟ್ಟುಕೊಂಡೆ. ಒಂದು ಡೌಟು, ರೂಪಾಯಿ ಅಂದ್ರೆ ಹಳೇದಾ ಹೊಸದಾ? ಅಗಲ ಬೇರೆ ಬೇರೆ ಇದೆಯಲ್ಲ.

ಶಿವಮೊಗ್ಗದಿಂದ: ಯಾವುದಾದರೂ ಸರಿ. ಪಟ್ಟಿ ಎಷ್ಟು ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ, ಇನ್ನೊಂದು ಕಿವಿಗೆ ಅಷ್ಟೇ ಬೇಕು.