ಆಷಾಢ ಶುಕ್ರವಾರ, ರಾಹುಕಾಲ ಮತ್ತು 1304ನೇ ಮನೆ: ಯಾವುದನ್ನು ಎಷ್ಟು ಲೆಕ್ಕಕ್ಕೆ ಇಡಬೇಕು?

ಪ್ರಶ್ನೆ: ವಿಜಯನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯ ಕಡೆ ನಾವೊಂದು ಫ್ಲಾಟ್ ಕೊಳ್ಳುತ್ತಿದ್ದೇವೆ. ಕರಾರು ಪತ್ರವಾಗಿದೆ, ಬ್ಯಾಂಕಿನವರು ಸಾಲ ಮಂಜೂರು ಮಾಡಿದ್ದಾರೆ, ಮಾರುವವರು ಜುಲೈ ಕೊನೆಗೆ ವಿದೇಶಕ್ಕೆ ಮರಳಲಿದ್ದಾರೆ. ಕಾವೇರಿ 2.0 ತಂತ್ರಾಂಶದಲ್ಲಿ ನೋಂದಣಿಗೆ ನಮಗೆ ಸಿಕ್ಕಿರುವ ಸಮಯ ಜುಲೈ ತಿಂಗಳ ಒಂದು ಶುಕ್ರವಾರ, ಬೆಳಿಗ್ಗೆ 10.30. ಇಷ್ಟು ಹೇಳಿದ ಮೇಲೆ ಮುಂದಿನದನ್ನು ನೀವೇ ಊಹಿಸಬಹುದು. ಅದು ಆಷಾಢ, ಗೋಡೆಯ ಕ್ಯಾಲೆಂಡರಿನ ಪ್ರಕಾರ ಶುಕ್ರವಾರದ ರಾಹುಕಾಲ ಸರಿಯಾಗಿ 10.30ಕ್ಕೇ ಆರಂಭ, ಶುಕ್ರವಾರ ಮನೆಯಿಂದ ಹಣ ಹೊರಗೆ ಹೋಗಬಾರದೆಂಬುದು ನಮ್ಮ ಅತ್ತೆಯವರು ಬಹಳ ಕಾಲದಿಂದ ನಡೆಸಿಕೊಂಡು ಬಂದಿರುವ ನಿಯಮ. ಇವೆಲ್ಲ ಸಾಲದೆಂಬಂತೆ ಫ್ಲಾಟಿನ ಸಂಖ್ಯೆ 1304, ಅಂದರೆ ಹದಿಮೂರನೇ ಮಹಡಿ ಮತ್ತು ಅಂಕಿಗಳನ್ನು ಕೂಡಿದರೆ ಎಂಟು.

ನಮ್ಮ ಮಾವನವರು ಹಟಮಾರಿಗಳಲ್ಲ. ಮುಂಗಡಕ್ಕೆ ತಮ್ಮ ನಿವೃತ್ತಿಯ ಹಣದಲ್ಲಿ ಒಂದು ಪಾಲು ಕೊಟ್ಟವರು ಅವರೇ. ಆದರೆ ಈ ವಿಷಯ ಬಂದಾಗ “ಗೊತ್ತಿದ್ದೂ ಗೊತ್ತಿದ್ದೂ ಯಾಕಮ್ಮ ಹೋಗಿ ಬೀಳಬೇಕು, ಶ್ರಾವಣ ಬರಲಿ” ಎನ್ನುತ್ತಾರೆ. ಶ್ರಾವಣದವರೆಗೆ ಕಾಯಲು ಮಾರುವವರು ಸಿದ್ಧರಿಲ್ಲ. ಇವುಗಳಲ್ಲಿ ನಿಜವಾಗಿ ಶಾಸ್ತ್ರದಲ್ಲಿರುವುದು ಯಾವುದು, ಎಲ್ಲಿಂದಲೋ ಬಂದು ಸೇರಿಕೊಂಡದ್ದು ಯಾವುದು ಎಂದು ತಿಳಿದವರು ಹೇಳಿದರೆ ಅವರೊಡನೆ ಗೌರವದಿಂದಲೇ ಮಾತನಾಡಲು ಅನುಕೂಲವಾಗುತ್ತದೆ.

ಉತ್ತರ: ಮಲ್ಲೇಶ್ವರದ ಪಂಚಾಂಗ

ತಾಯಿ, ನಾನು ಪಂಚಾಂಗವನ್ನು ನಂಬುವವನು, ಪ್ರತಿದಿನ ನೋಡುವವನು. ಆದ್ದರಿಂದ ನನ್ನ ಮಾತನ್ನು ನಿಮ್ಮ ಮಾವನವರ ಮುಂದೆ ಧಾರಾಳವಾಗಿ ಇಡಬಹುದು.

ಮೊದಲು ರಾಹುಕಾಲ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮಭಾಗ ಮಾಡಿ, ದಿನಕ್ಕೊಂದರಂತೆ ಒಂದು ಭಾಗವನ್ನು ರಾಹುವಿಗೆ ಕೊಟ್ಟಿದ್ದಾರೆ. ಶುಕ್ರವಾರಕ್ಕೆ ಬರುವುದು ನಾಲ್ಕನೆಯ ಭಾಗ. ಕ್ಯಾಲೆಂಡರಿನಲ್ಲಿ ಅಚ್ಚಾಗುವ 10.30ರಿಂದ 12 ಎಂಬುದು ಸೂರ್ಯ ಆರಕ್ಕೆ ಹುಟ್ಟಿ ಆರಕ್ಕೇ ಮುಳುಗುತ್ತಾನೆಂದು ಇಟ್ಟುಕೊಂಡ ಸ್ಥೂಲ ಲೆಕ್ಕ. ಬೆಂಗಳೂರಿನಲ್ಲಿ ಅದು ಹಾಗಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶವನ್ನು ಹಿಡಿದು ನಡೆಯುತ್ತದೆ, ನಮ್ಮ ಊರು ಇರುವುದು ಸುಮಾರು 77.6 ಡಿಗ್ರಿಯಲ್ಲಿ, ಹೀಗಾಗಿ ಇಲ್ಲಿ ನಡುಹಗಲು ಗಡಿಯಾರದ ಹನ್ನೆರಡಕ್ಕಿಂತ ಸರಾಸರಿ 20 ನಿಮಿಷ ತಡ. ಜುಲೈ ಮೊದಲ ಭಾಗದಲ್ಲಿ ಸೂರ್ಯೋದಯ ಆರು ಗಂಟೆಯ ಆಸುಪಾಸು, ಸೂರ್ಯಾಸ್ತ ಸುಮಾರು 6.50, ಒಂದೊಂದು ಭಾಗವೂ ತೊಂಬತ್ತಾರು ನಿಮಿಷ. ಆ ಲೆಕ್ಕದಲ್ಲಿ ನಿಮ್ಮ ಶುಕ್ರವಾರದ ರಾಹುಕಾಲ ಸುಮಾರು 10.48ಕ್ಕೆ ಆರಂಭವಾಗಿ 12.24ರ ಹೊತ್ತಿಗೆ ಮುಗಿಯುತ್ತದೆ. ನಿಮ್ಮ 10.30 ಅದರೊಳಗೆ ಬೀಳುವುದೇ ಇಲ್ಲ.

ಇನ್ನು ಅಭಿಜಿನ್ ಮುಹೂರ್ತವನ್ನು ನೋಡಿ. ಹಗಲಿನ ನಡುವಿನ ಐವತ್ತು ನಿಮಿಷಗಳಷ್ಟು ಹೊತ್ತು ಎಲ್ಲ ದೋಷಗಳನ್ನೂ ಕಳೆಯುತ್ತದೆಂದು ಹೇಳುವವರೂ ಪಂಚಾಂಗದವರೇ. ಶುಕ್ರವಾರ ಅದರ ಮೊದಲರ್ಧ ರಾಹುಕಾಲದ ಮೇಲೆಯೇ ಬರುತ್ತದೆ. ಯಾವುದು ಯಾವುದನ್ನು ಕಳೆಯಬೇಕು ಎಂದು ಕೇಳಿದರೆ ಒಬ್ಬೊಬ್ಬ ಜೋಯಿಸರು ಒಂದೊಂದು ಹೇಳುತ್ತಾರೆ.

ಆಷಾಢದ ವಿಷಯದಲ್ಲಿ ನಿಮ್ಮ ಮಾವನವರ ಅಳುಕು ನನಗೆ ಅರ್ಥವಾಗುತ್ತದೆ. ಮದುವೆ, ಉಪನಯನ, ಗೃಹಪ್ರವೇಶಗಳನ್ನು ನಾವು ಈ ಮಾಸದಲ್ಲಿ ಮಾಡುವುದಿಲ್ಲ, ಹೊಸ ಸೊಸೆಯನ್ನು ತವರಿಗೆ ಕಳುಹಿಸುತ್ತೇವೆ. ಆದರೆ ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚು ಕೊಡುವುದು ಸಂಸ್ಕಾರವಲ್ಲ. ಮಿಗಿಲಾಗಿ, ಆಷಾಢ ಶುಕ್ರವಾರವೆಂದರೆ ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ನಡುರಾತ್ರಿಯಿಂದಲೇ ಸಾಲು ನಿಲ್ಲುವ ದಿನ. ಅಷ್ಟು ಜನ ತಾಯಿಯ ದರ್ಶನಕ್ಕೆ ಆರಿಸಿಕೊಳ್ಳುವ ದಿನವನ್ನು ಕೆಟ್ಟ ದಿನವೆನ್ನಲು ನನಗಂತೂ ನಾಲಿಗೆ ಬಾರದು.

ಹದಿಮೂರು, ಎಂಟುಗಳ ಮಾತು ಪಂಚಾಂಗದ್ದಲ್ಲ. ತ್ರಯೋದಶಿ ಪ್ರದೋಷ ಪೂಜೆಯ ತಿಥಿ. ಅಷ್ಟಮಿಯಂದು ಶುಭಕಾರ್ಯ ಆರಂಭಿಸಬಾರದೆನ್ನುವವರು ಇದ್ದಾರೆ, ನಿಜ. ಆದರೆ ಅದು ತಿಥಿಯ ಮಾತು, ಬಾಗಿಲ ಮೇಲಿನ ಅಂಕಿಯ ಮಾತಲ್ಲ.

ಉತ್ತರ: ಹಳೆ ಗಾಡಿ ವ್ಯಾಪಾರಿ

ಎಂಟರ ವಿಷಯವನ್ನು ನನಗೆ ಬಿಡಿ. ನನ್ನ ಅಂಗಡಿಯಲ್ಲಿ ಅದರ ಪಂಚಾಯಿತಿ ದಿನವೂ ಇದ್ದದ್ದೇ. ಗಾಡಿಯ ಇಂಜಿನ್ ನೋಡುವ ಮೊದಲೇ ನಂಬರ್ ಪ್ಲೇಟಿನ ನಾಲ್ಕು ಅಂಕಿಗಳನ್ನು ಬೆರಳಲ್ಲಿ ಕೂಡುವ ಗಿರಾಕಿಗಳು ಬರುತ್ತಾರೆ, ಎಂಟು ಬಂದರೆ ಶನಿಯ ಸಂಖ್ಯೆಯೆಂದು ಗಾಡಿಯ ಬಾಗಿಲು ಸಹ ತೆಗೆಯದೆ ಮುಂದೆ ಹೋಗುತ್ತಾರೆ. ಒಂದರಿಂದ 9999ರವರೆಗಿನ ಸಂಖ್ಯೆಗಳನ್ನು ಹೀಗೆ ಕೂಡುತ್ತಾ ಒಂದೇ ಅಂಕಿಗೆ ಇಳಿಸಿದರೆ ಒಂದೊಂದು ಅಂಕಿಗೂ ಸರಿಯಾಗಿ 1111 ಸಂಖ್ಯೆಗಳು ಸಿಗುತ್ತವೆ. ಎಂದರೆ ಪ್ರತಿ ಸರಣಿಯಲ್ಲೂ ಒಂಬತ್ತರಲ್ಲಿ ಒಂದು ಪಾಲು ‘ಶನಿಯ ಗಾಡಿ’ಯೇ. ಅಪಘಾತಗಳೆಲ್ಲ ಆ ಒಂದು ಪಾಲಿಗೇ ಆಗುತ್ತಿದ್ದರೆ ವಿಮಾ ಕಂಪನಿಗಳು ಎಂದೋ ಆ ನಂಬರುಗಳಿಗೆ ಹೆಚ್ಚು ಪ್ರೀಮಿಯಂ ಹಾಕಿಬಿಡುತ್ತಿದ್ದವು. ಒಂದು ರೂಪಾಯಿಯನ್ನೂ ಬಿಡದ ಅವರು ಈ ಲೆಕ್ಕವನ್ನು ಮಾತ್ರ ಕೇಳುವುದಿಲ್ಲ.

ಎಂಟು ಶನಿಯ ಸಂಖ್ಯೆ ಎಂಬುದು ನಮ್ಮ ಅಜ್ಜಂದಿರ ಮಾತೂ ಅಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಸರಾಗಿದ್ದ ಕೀರೋ ಎಂಬ ಐರ್ಲೆಂಡಿನ ಭವಿಷ್ಯಗಾರ ಇದನ್ನು ಜನಪ್ರಿಯಗೊಳಿಸಿದ. ಅವನ ಪಟ್ಟಿಯಲ್ಲಿ ನಾಲ್ಕು ಯುರೇನಸ್‌ಗೆ, ಏಳು ನೆಪ್ಚೂನ್‌ಗೆ ಸೇರಿದ್ದವು; ನಮ್ಮವರು ಅವುಗಳನ್ನು ತೆಗೆದು ರಾಹು, ಕೇತುಗಳನ್ನು ಕೂರಿಸಿದರು. ಅತ್ತ ಚೀನಾದಲ್ಲಿ ಎಂಟೇ ಅದೃಷ್ಟ: ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯನ್ನು 2008ರ ಎಂಟನೇ ತಿಂಗಳ ಎಂಟನೇ ತಾರೀಖು ರಾತ್ರಿ ಎಂಟು ಗಂಟೆಗೆ ಇಟ್ಟುಕೊಂಡರು.

ಇಷ್ಟಾದರೂ ವ್ಯಾಪಾರಿಯಾಗಿ ಒಂದು ಮಾತು. ನಾನು ನಂಬುವುದಿಲ್ಲ, ಆದರೆ ಎಂಟರ ಗಾಡಿಯನ್ನು ಕೊಳ್ಳುವಾಗ ಬೆಲೆ ಇಳಿಸಿಯೇ ಕೊಳ್ಳುತ್ತೇನೆ, ಏಕೆಂದರೆ ಮಾರುವಾಗ ನನಗೂ ಇಳಿಸುತ್ತಾರೆ. ನಿಮ್ಮ 1304ಕ್ಕೂ ಇದೇ ನ್ಯಾಯ. ನಾಳೆ ನೀವು ಮಾರಲು ಹೋದಾಗ ಎದುರಿಗೆ ಕೂರುವವರು ನಿಮ್ಮ ಮಾವನವರಂಥವರೇ ಆಗಿರಬಹುದು. ಕರಾರಿಗೆ ಮುಂಚೆಯೇ ಈ ಪ್ರಶ್ನೆ ಕೇಳಿದ್ದರೆ ಸಂಖ್ಯೆಯನ್ನೇ ಮುಂದಿಟ್ಟು ಚೌಕಾಸಿ ಮಾಡಲು ಹೇಳುತ್ತಿದ್ದೆ.

ಉತ್ತರ: ಬಸವನಗುಡಿಯ ವಿಜ್ಞಾನ ಶಿಕ್ಷಕಿ

ಮೇಲಿನ ಹಿರಿಯರು ರಾಹುಕಾಲವನ್ನು ಹದಿನೆಂಟು ನಿಮಿಷ ಮುಂದೂಡಿ ನಿಮಗೆ ದಾರಿ ಮಾಡಿಕೊಟ್ಟದ್ದು ಜಾಣತನ. ಆದರೂ ರಾಹು ಎಂಬುದು ಆಕಾಶದಲ್ಲಿರುವ ವಸ್ತುವಲ್ಲ, ಸೂರ್ಯನ ತೋರಿಕೆಯ ಹಾದಿಯನ್ನು ಚಂದ್ರನ ಹಾದಿ ಕತ್ತರಿಸುವ ಬಿಂದು ಎಂಬುದನ್ನು ಹೇಳದೆ ಬಿಡಲಾರೆ. ಗ್ರಹಣದ ಲೆಕ್ಕಕ್ಕೆ ಆ ಬಿಂದು ನಿಜಕ್ಕೂ ಬೇಕು. ಶುಕ್ರವಾರ ಬೆಳಿಗ್ಗೆ ಸಹಿ ಹಾಕುವುದಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

ವಾರಗಳೇ ನಮ್ಮಲ್ಲಿ ತಡವಾಗಿ ಬಂದವು. ವೇದಾಂಗ ಜ್ಯೋತಿಷವೆಂಬ ನಮ್ಮ ಹಳೆಯ ಗ್ರಂಥದಲ್ಲಿ ತಿಥಿ, ನಕ್ಷತ್ರಗಳುಂಟು, ಶನಿವಾರ ಮಂಗಳವಾರಗಳಿಲ್ಲ. ವಾರದ ಉಲ್ಲೇಖವಿರುವ ತೀರಾ ಹಳೆಯ ಶಾಸನವೆಂದು ಇತಿಹಾಸಕಾರರು ತೋರಿಸುವುದು ಮಧ್ಯಪ್ರದೇಶದ ಏರಣ್‌ನಲ್ಲಿರುವ, ಗುಪ್ತರ ಬುಧಗುಪ್ತನ ಕಾಲದ, ಕ್ರಿ.ಶ. 484ರ ಶಾಸನವನ್ನು. ಅದರಲ್ಲಿರುವ ದಿನ ಯಾವುದೆಂದು ನಿಮ್ಮ ಮಾವನವರಿಗೆ ಅವಶ್ಯವಾಗಿ ಹೇಳಿ: ಆಷಾಢ ಶುಕ್ಲ ದ್ವಾದಶಿ, ಗುರುವಾರ. ಅಂದು ಅಲ್ಲಿ ವಿಷ್ಣುವಿನ ಧ್ವಜಸ್ತಂಭವನ್ನು ನಿಲ್ಲಿಸಿದರು. ಆಷಾಢದಲ್ಲಿ ನೆಟ್ಟ ಆ ಕಂಬ ಸಾವಿರದ ಐನೂರು ವರ್ಷ ದಾಟಿ ಇಂದಿಗೂ ನಿಂತಿದೆ.

ಹದಿಮೂರಂತೂ ಪೂರ್ತಿ ಆಮದು. ಏಸುವಿನ ಕೊನೆಯ ಭೋಜನಕ್ಕೆ ಕುಳಿತ ಹದಿಮೂರು ಮಂದಿಯ ನೆನಪಿನೊಂದಿಗೆ ಅದನ್ನು ಯುರೋಪಿನವರು ಜೋಡಿಸುತ್ತಾರೆ. ಇಟಲಿಯವರು ಹೆದರುವುದು ಹದಿನೇಳಕ್ಕೆ, ಸ್ಪೇನಿನವರಿಗೆ ಶುಕ್ರವಾರಕ್ಕಿಂತ ಹದಿಮೂರನೇ ತಾರೀಖಿನ ಮಂಗಳವಾರ ಕೆಟ್ಟದ್ದು. ನಾವು ನೆಲಮಹಡಿಯನ್ನು ಎಣಿಸದೆ ಅದರ ಮೇಲಿನದನ್ನು ಒಂದನೆಯದೆನ್ನುತ್ತೇವೆ, ಅಮೆರಿಕದವರು ನೆಲಮಹಡಿಯಿಂದಲೇ ಎಣಿಸುತ್ತಾರೆ. ಅವರ ಲೆಕ್ಕದಲ್ಲಿ ಹದಿಮೂರನೇ ಮಹಡಿಯವರು ನಿಮ್ಮ ಕೆಳಗಿನ ಮನೆಯವರು. ಆದರೆ ಈ ಹೆದರಿಕೆಯನ್ನು ಓದಿಲ್ಲದವರ ಕಾಯಿಲೆ ಎಂದುಕೊಳ್ಳಬೇಡಿ. ನಮ್ಮ ಇಸ್ರೋ 2009ರಲ್ಲಿ ಪಿಎಸ್‌ಎಲ್‌ವಿ-ಸಿ12ರ ನಂತರ ಹಾರಿಸಿದ್ದು ಸಿ14ನ್ನು; ಸಿ13 ಎಂಬ ರಾಕೆಟ್ ಇಲ್ಲವೇ ಇಲ್ಲ. ಅದೇ ಇಸ್ರೋ ಮಂಗಳಯಾನವನ್ನು 2013ರ ನವೆಂಬರ್ 5ರಂದು, ಮಂಗಳವಾರದ ದಿನವೇ ಹಾರಿಸಿತು, ನೌಕೆ ಮೊದಲ ಪ್ರಯತ್ನದಲ್ಲೇ ಮಂಗಳನನ್ನು ತಲುಪಿತು.

ಇದನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ಮಾಡಿದಾಗ ಹಿಡಿದ ಹಾದಿ ಇದೇ: ಹೇಳಿಕೆ ಇದ್ದರೆ ತಂದು ತೋರಿಸಿ. ಉಪನೋಂದಣಾಧಿಕಾರಿಗಳ ಕಚೇರಿಗಳು ರಾಹುಕಾಲಕ್ಕೆ ಬಾಗಿಲು ಹಾಕುವುದಿಲ್ಲ, ಆಷಾಢಕ್ಕೆ ರಜೆ ಕೊಡುವುದಿಲ್ಲ. ಆ ಹೊತ್ತಿನಲ್ಲಿ ನೋಂದಣಿಯಾದ ಮನೆಗಳಿಗೂ ಉಳಿದ ಹೊತ್ತಿನವಕ್ಕೂ ವ್ಯತ್ಯಾಸವಿದ್ದರೆ ಇಷ್ಟು ವರ್ಷಗಳಲ್ಲಿ ಅದು ಎದ್ದು ಕಾಣಬೇಕಿತ್ತು.

ಉತ್ತರ: ಎರಡನೇ ಅಳಿಯ

ಶಿಕ್ಷಕಿಯವರು ಹೇಳಿದ್ದೆಲ್ಲ ಸರಿ, ಆದರೆ ಈ ಮನೆಯ ಸಮಸ್ಯೆ ಏರಣ್ ಕಂಬದಿಂದ ಬಗೆಹರಿಯುವಂಥದ್ದಲ್ಲ. ಸಹಿ ಹಾಕಿ ಬಂದ ಮೇಲಿನ ಒಂದು ವರ್ಷವನ್ನು ಯೋಚಿಸಿ. ಆ ವರ್ಷದಲ್ಲಿ ಅತ್ತೆಯವರ ಮಂಡಿನೋವು ಹೆಚ್ಚಾಗಬಹುದು, ಯಜಮಾನರ ಕೆಲಸಕ್ಕೆ ಕುತ್ತು ಬರಬಹುದು, ಮಗುವಿಗೆ ಡೆಂಗಿ ಬರಬಹುದು. ಯಾವ ಮನೆಯಲ್ಲಾದರೂ ವರ್ಷಕ್ಕೊಂದು ಇಂಥದ್ದು ಆಗಿಯೇ ಆಗುತ್ತದೆ. ಅಂದು ಎಲ್ಲರಿಗೂ ನೆನಪಾಗುವುದು ರಾಹುವಲ್ಲ, “ಸೊಸೆ ಹಟ ಹಿಡಿದಳು” ಎಂಬ ಮಾತು. ಆದ್ದರಿಂದ ನೀವು ವಾದ ಮಾಡಲೇಬೇಡಿ. ತಂದೆಯೊಡನೆ ಮಗ ಕುಳಿತು ಮಾತನಾಡಲಿ, ನಿರ್ಧಾರ ಅವರಿಬ್ಬರದೆಂದು ಮನೆಯವರೆಲ್ಲರಿಗೂ ತಿಳಿಯಲಿ. ನೀವು ಅಂದು ಕಚೇರಿಗೆ ಬೇಕಾದ ಕಾಗದಗಳನ್ನು ಜೋಡಿಸಿಕೊಂಡು ಹೋಗಿ.

ವಿಜಯನಗರದ ಸೊಸೆ

ಎರಡನೇ ಅಳಿಯನವರೇ, ನಾನು ಪ್ರಶ್ನೆಯಲ್ಲಿ ಬರೆಯಲು ಹಿಂಜರಿದದ್ದು ಇದನ್ನೇ. ಯಜಮಾನರಿಗೆ ಈ ಚರ್ಚೆಯನ್ನು ಪೂರ್ತಿ ಓದಿಸಿದ್ದೇನೆ. ಇಂದು ರಾತ್ರಿ ಊಟದ ನಂತರ ಮಾತನಾಡುತ್ತೇನೆ ಎಂದಿದ್ದಾರೆ. ಮಲ್ಲೇಶ್ವರದ ಹಿರಿಯರ 10.48ರ ಲೆಕ್ಕ ಅವರಿಗೆ ಬಹಳ ಹಿಡಿಸಿದೆ. ಆದರೆ ನೋಂದಣಿ ಕಚೇರಿಯಲ್ಲಿ 10.30 ಎಂದು ಕೊಟ್ಟ ಸಮಯಕ್ಕೆ ಸರಿಯಾಗಿ ಕರೆಯುತ್ತಾರೆಂಬ ಭರವಸೆ ಯಾರಿಗೂ ಇಲ್ಲ. ಸರದಿ 11.30ಕ್ಕೆ ಬಂದರೆ ಏನು ಮಾಡುವುದು?

ಉತ್ತರ: ಪತ್ರ ಬರೆಯುವ ವಕೀಲ

ಆ ಚಿಂತೆಗೆ 1908ರ ನೋಂದಣಿ ಕಾಯಿದೆಯಲ್ಲೇ ಪರಿಹಾರವಿದೆ. ಕ್ರಯಪತ್ರಕ್ಕೆ ಸಹಿ ಹಾಕುವುದು ಒಂದು ಕ್ರಿಯೆ, ಅದನ್ನು ನೋಂದಣಿಗೆ ಹಾಜರುಪಡಿಸುವುದು ಇನ್ನೊಂದು. ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಹಾಜರುಪಡಿಸಿದರೆ ಸಾಕೆಂದು 23ನೇ ಕಲಮು ಹೇಳುತ್ತದೆ. ನೋಂದಣಿಯಾದ ಪತ್ರ ಜಾರಿಗೆ ಬರುವುದು ನೋಂದಣಿಯ ಹೊತ್ತಿನಿಂದಲ್ಲ, ನೋಂದಣಿಯ ಅಗತ್ಯವೇ ಇಲ್ಲದಿದ್ದರೆ ಯಾವಾಗಿನಿಂದ ಜಾರಿಗೆ ಬರುತ್ತಿತ್ತೋ ಆಗಿನಿಂದ ಎಂಬುದು 47ನೇ ಕಲಮು. ನೋಂದಣಿಯಿಲ್ಲದೆ ಹಕ್ಕು ನಿಮಗೆ ಬರುವುದಿಲ್ಲ, ಆದರೆ ಬಂದ ಮೇಲೆ ಅದು ಸಾಮಾನ್ಯವಾಗಿ ಸಹಿಯ ದಿನಕ್ಕೆ ಹೋಗಿ ಸೇರುತ್ತದೆ. ಮುಹೂರ್ತ ನೋಡುವುದೇ ಆದರೆ ಸಹಿಗೆ ನೋಡಿ. ಸರದಿ ಎಷ್ಟು ಹೊತ್ತಿಗಾದರೂ ಬರಲಿ.

ನನ್ನ ಕಕ್ಷಿದಾರರಲ್ಲಿ ಅನೇಕರು ಹೀಗೆಯೇ ಮಾಡುತ್ತಾರೆ. ಮನೆಯಲ್ಲಿ ದೇವರ ಮುಂದೆ ಸಹಿ ಹಾಕಿಕೊಂಡು ಬರುವವರೂ ಉಂಟು. ನಿಮ್ಮದು ಸಾಲದ ವ್ಯವಹಾರವಾದ್ದರಿಂದ ಬ್ಯಾಂಕಿನ ಡಿಡಿ ಕಣ್ಣಿಗೆ ಬೀಳದೆ ಮಾರುವವರು ಸಹಿ ಹಾಕಲಿಕ್ಕಿಲ್ಲ. ಹಾಗಾಗಿ ಮುದ್ರಾಂಕ ಶುಲ್ಕವನ್ನು ಮೊದಲೇ ಪಾವತಿಸಿ, ಬ್ಯಾಂಕಿನವರಿಗೆ ಹತ್ತು ಗಂಟೆಗೇ ಕಚೇರಿಯ ಬಳಿ ಬರಲು ಹೇಳಿ. ಹತ್ತೂಕಾಲರೊಳಗೆ ಇಬ್ಬರೂ ಸಹಿ ಮುಗಿಸಿದರೆ ಕ್ಯಾಲೆಂಡರಿನ ರಾಹುಕಾಲವೂ ಬಂದಿರುವುದಿಲ್ಲ, ಲೆಕ್ಕದ ರಾಹುಕಾಲವೂ ಬಂದಿರುವುದಿಲ್ಲ. ಶುಕ್ರವಾರ ಹಣ ಕೊಡಬಾರದೆಂಬ ಅತ್ತೆಯವರ ನಿಯಮಕ್ಕೆ, ಮನೆಯ ಪಾಲಿನ ಹಣವನ್ನು ಬುಧವಾರವೋ ಗುರುವಾರವೋ ಮಾರುವವರ ಖಾತೆಗೆ ಹಾಕಿ, ಪಾವತಿಯ ವಿವರವನ್ನು ಪತ್ರದಲ್ಲಿ ಬರೆಸಿ. ಶುಕ್ರವಾರ ಹೋಗುವುದು ಬ್ಯಾಂಕಿನ ಹಣ ಮಾತ್ರ.

ಗೃಹಪ್ರವೇಶವನ್ನು ನಿಮ್ಮ ಮಾವನವರು ಹೇಳಿದ ಹಾಗೆ ಶ್ರಾವಣಕ್ಕೆ ಇಟ್ಟುಕೊಳ್ಳಿ, ಆ ದಿನವನ್ನು ಅವರೇ ಆರಿಸಲಿ. ಖಾತಾ ವರ್ಗಾವಣೆಯ ಅರ್ಜಿಯನ್ನು ಮಾತ್ರ ಅದಕ್ಕಾಗಿ ಕಾಯಿಸಬೇಡಿ, ನೋಂದಣಿಯಾದ ಪತ್ರ ಕೈಗೆ ಬಂದ ಕೂಡಲೇ ಹಾಕಿ.